ಗೋಣಿ ಹೊದ್ದ ನಾಲ್ಕು ಮಗ್ಗಗಳು: ಚಳ್ಳಕೆರೆ ಸೀಮೆಯ ಕಂಬಳಿ ಕೇಂದ್ರವೊಂದರ ಪ್ರಕರಣ ಅಧ್ಯಯನ

ಚಳ್ಳಕೆರೆಯಿಂದ ಒಳದಾರಿ ಹಿಡಿದರೆ ಸಿಗುವ ಆ ಹಳ್ಳಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿನವರಿಗೆ ಕೊಟ್ಟ ಮಾತು ಅದು. ಊರ ಅಂಚಿನ ತಗಡಿನ ಶೆಡ್ಡಿನಲ್ಲಿ ಆರು ಚೌಕಟ್ಟಿನ ಮಗ್ಗಗಳಿವೆ. ನಾನು ಮೊದಲ ಸಲ ಹೋದಾಗ ಎರಡರಲ್ಲಿ ಮಾತ್ರ ನೇಯ್ಗೆ ನಡೆಯುತ್ತಿತ್ತು. ಉಳಿದ ನಾಲ್ಕಕ್ಕೆ ಗೋಣಿಚೀಲ ಹೊದಿಸಿ, ಹಗ್ಗ ಸುತ್ತಿ, ಗಂಟು ಬಿಗಿದಿದ್ದರು. ಗಂಟುಗಳ ಮೇಲೆ ಧೂಳು ಕೂತು ಹಗ್ಗದ ಬಣ್ಣವೇ ಕಾಣುತ್ತಿರಲಿಲ್ಲ.

ಮಗ್ಗಗಳು ಬಂದದ್ದು ಸರ್ಕಾರಿ ನೆರವಿನಲ್ಲಿ. ಮೊದಲು ಇಲ್ಲಿನವರು ಮನೆಯೊಳಗೆ ನೆಲದಲ್ಲಿ ಗುಂಡಿ ತೋಡಿ, ಕಾಲು ಇಳಿಬಿಟ್ಟು ಕೂತು, ಅಡ್ಡ ನೂಲು ಹೊತ್ತ ಲಾಳಿಯನ್ನು ಕೈಯಿಂದ ಕೈಗೆ ದಾಟಿಸಿ ನೇಯುತ್ತಿದ್ದರು. ಹೊಸ ಮಗ್ಗದಲ್ಲಿ ಹಗ್ಗ ಎಳೆದರೆ ಲಾಳಿ ತಾನೇ ಹಾರುತ್ತದೆ. ಬೆನ್ನಿಗೆ ಆರಾಮ, ಕೆಲಸ ಬೇಗ. ಆದರೂ ಒಂದು ವರ್ಷ ಕಳೆದ ಮೇಲೆ ಕಡತದಲ್ಲಿ ಹೀಗೆ ಬರೆದಿತ್ತು: ವಿತರಣೆ 6, ಸ್ಥಾಪನೆ 6, ಬಳಕೆ 2. ಅದರ ಕೆಳಗೆ ಷರಾ: ನೇಕಾರರಲ್ಲಿ ಆಸಕ್ತಿಯ ಕೊರತೆ. ನಾಲ್ಕು ಮಗ್ಗಗಳನ್ನು ಹಿಂಪಡೆದು ಬೇರೆ ಊರಿಗೆ ಕೊಡುವ ಮಾತು ಶುರುವಾಗಿತ್ತು. ಆಗ ಈ ಕೇಂದ್ರವನ್ನು ನಡೆಸುವ ಸಂಘದವರು ನನ್ನನ್ನು ಕರೆದರು. ನಾನು ದಾವಣಗೆರೆಯಲ್ಲಿ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಓದಿ, ಹದಿನೈದು ವರ್ಷ ಕಾರ್ಖಾನೆಗಳಲ್ಲಿ ದುಡಿದವನು. ಕೆಲಸ ಎಲ್ಲಿ ಸಾಗುತ್ತದೆ, ಎಲ್ಲಿ ನಿಲ್ಲುತ್ತದೆ, ನಿಂತದ್ದಕ್ಕೆ ಕಾರಣವೇನು ಎಂದು ಅಳೆಯುವುದೇ ನನ್ನ ಕಸುಬು. 'ಆಸಕ್ತಿಯ ಕೊರತೆ' ಎಂಬ ಷರಾ ಓದಿದಾಗ ನನಗೆ ಸಿಟ್ಟು ಬಂತು. ಕಾರ್ಖಾನೆಯಲ್ಲಿ ಒಂದು ಯಂತ್ರ ಸುಮ್ಮನೆ ನಿಂತರೆ ಅದರ ಮುಂದೆ ನಿಂತ ಕಾರ್ಮಿಕನ ಮನಸ್ಸನ್ನು ಯಾರೂ ಶಂಕಿಸುವುದಿಲ್ಲ. ಮಾಲು ಯಾಕೆ ಬರಲಿಲ್ಲ ಎಂದು ಕೇಳುತ್ತಾರೆ. ಹಳ್ಳಿಯ ಕಸುಬಿಗೆ ಬಂದಾಗ ಮಾತ್ರ ಆ ಪ್ರಶ್ನೆಯನ್ನು ಮರೆಯುತ್ತೇವೆ.

ಮೊದಲ ಹದಿನೈದು ದಿನ ನಾನು ಮಾಡಿದ ತಪ್ಪು

ಸಿಟ್ಟಿದ್ದರೂ ನಾನು ಮಾಡಿದ್ದು ಅದೇ ತಪ್ಪನ್ನೇ. ಗಡಿಯಾರ ಹಿಡಿದು ಮಗ್ಗದ ಮುಂದೆ ಕೂತೆ. ನಮ್ಮ ಶಾಸ್ತ್ರ ಹುಟ್ಟಿದ್ದೇ ಹೀಗೆ. ಅಮೆರಿಕದ ಫ್ರಾಂಕ್ ಗಿಲ್‌ಬ್ರೆತ್ ಇಟ್ಟಿಗೆ ಕಟ್ಟುವ ಗಾರೆಯವರನ್ನು ನೋಡುತ್ತ ನಿಂತು, ಒಂದು ಇಟ್ಟಿಗೆ ಇಡಲು ಬೇಕಿದ್ದ 18 ಚಲನೆಗಳನ್ನು ಐದಕ್ಕೆ ಇಳಿಸಿದ ಕತೆಯನ್ನು ಮೊದಲ ವರ್ಷದಲ್ಲೇ ಓದಿರುತ್ತೇವೆ. ನಾನೂ ನೇಕಾರರ ಕೈ ಎಷ್ಟು ಸಲ ಎತ್ತ ಹೋಗುತ್ತದೆ, ಎಳೆ ಎಷ್ಟು ಸಲ ಕಡಿಯುತ್ತದೆ, ಲಾಳಿಯೊಳಗಿನ ನೂಲಿನ ಸುರುಳಿಯಾದ ಕಂಡಿಕೆ ಬದಲಿಸಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಬರೆದುಕೊಂಡೆ. ಪುಟಗಳು ತುಂಬಿದವು. ಮಗ್ಗದಲ್ಲಿದ್ದ ಹಿರಿಯರು, ಊರವರು ಯಜಮಾನರು ಎಂದು ಕರೆಯುವವರು, ಒಂದು ದಿನವೂ ಬೇಸರಿಸಲಿಲ್ಲ. ಆದರೆ ಮೂರನೆಯ ದಿನ ಮಧ್ಯಾಹ್ನವೇ ಅವರು ಮಗ್ಗದಿಂದ ಎದ್ದು ಹೊರಗೆ ಕಟ್ಟೆಯ ಮೇಲೆ ಕೂತರು. ಐದನೆಯ ದಿನವೂ ಹಾಗೇ ಆಯಿತು. ನಾನು ಅದನ್ನು 'ವಿಶ್ರಾಂತಿ' ಎಂದು ಬರೆದುಕೊಂಡೆ.

ಶೆಡ್ಡಿನ ಬಾಗಿಲಲ್ಲಿ ರಾಟೆ ಇಟ್ಟುಕೊಂಡು ನೂಲುತ್ತಿದ್ದ ಅಜ್ಜಿಯೊಬ್ಬರು ಕೊನೆಗೆ ನನ್ನನ್ನು ಕರೆದರು. "ತಮ್ಮಾ, ದಿನಾ ಮಗ್ಗವನ್ನೇ ನೋಡುತ್ತೀಯಲ್ಲ, ಅದರ ಹೊಟ್ಟೆಗೆ ಏನು ಬೀಳುತ್ತದೆ ಎಂದು ನೋಡಿದ್ದೀಯಾ? ಅವನು ಎದ್ದದ್ದು ದಣಿದಲ್ಲ. ನೂಲು ಮುಗಿದಿದೆ. ನಾನು ಕೊಡಬೇಕು, ಅವನು ಕೂರಬೇಕು."

ಅಂದು ಸಂಜೆ ಆ ಹದಿನೈದು ದಿನದ ಪುಟಗಳನ್ನು ಬದಿಗಿಟ್ಟೆ.

ಕಂಬಳಿಯ ದಾರಿ

ಗೊತ್ತಿಲ್ಲದವರಿಗಾಗಿ ಈ ಕೆಲಸದ ಹಾದಿಯನ್ನು ಹೇಳಬೇಕು. ಇಲ್ಲಿನ ಕುರಿ ದಖ್ಖನಿ ತಳಿಯದು. ಉಣ್ಣೆ ಒರಟು, ಗಿಡ್ಡ, ಕೂದಲು ಬೆರೆತದ್ದು. ಮೆರಿನೋ ಉಣ್ಣೆಯಂತೆ ಮೃದುವಲ್ಲ, ಆದರೆ ಮಳೆ ನೀರನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಮಲೆನಾಡಿನ ತೋಟದ ಆಳುಗಳು ಕಂಬಳಿಯನ್ನೇ ಕೊಪ್ಪೆಯಾಗಿ ಹೊದ್ದು ಮಳೆಯಲ್ಲಿ ಕೆಲಸ ಮಾಡುತ್ತಿದ್ದದ್ದು ಈ ಗುಣದಿಂದಲೇ. ಚಿತ್ರದುರ್ಗದ ಬಯಲಿನಲ್ಲಿ ಮದುವೆಗೂ ದೇವರ ಕಾರ್ಯಕ್ಕೂ ಕರಿಯ ಕಂಬಳಿಯ ಗದ್ದುಗೆ ಹಾಕುವ ಸಂಪ್ರದಾಯ ಇಂದಿಗೂ ಇದೆ.

ಉಣ್ಣೆ ಕತ್ತರಿಸುವುದು ವರ್ಷಕ್ಕೆ ಎರಡು ಸಲ. ಬಣ್ಣಗಳನ್ನು ಬೇರೆ ಮಾಡಬೇಕು. ಬಳಿಕ ಕಸ ಆರಿಸಬೇಕು. ಈ ಸೀಮೆಯ ಬಯಲಲ್ಲಿ ಮೇಯ್ದ ಕುರಿಯ ಮೈಯಲ್ಲಿ ನೆಗ್ಗಿಲ ಮುಳ್ಳು, ಹುಲ್ಲಿನ ಚೂಪು ಬೀಜ, ಒಣಗಿದ ಹಿಕ್ಕೆ ಎಲ್ಲವೂ ಸಿಕ್ಕಿಕೊಂಡಿರುತ್ತವೆ. ಆರಿಸಿದ ಉಣ್ಣೆಯನ್ನು ಹಿಂಜಬೇಕು. ಹಿಂಜಿದ್ದನ್ನು ರಾಟೆಯಲ್ಲಿ ನೂಲಬೇಕು. ಉದ್ದನೆಯ ಎಳೆಗಳ ಹಾಸು ಹಾಕಿ, ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು, ಕುದಿಸಿ ಮಾಡಿದ ಗಂಜಿಯನ್ನು ಕುಂಚದಿಂದ ಹಚ್ಚಿ ಬಿಸಿಲಿಗೆ ಒಣಗಿಸಬೇಕು. ಆಮೇಲೆ ಮಗ್ಗ. ನೇಯ್ಗೆ ಮುಗಿದ ಮೇಲೆ ಮತ್ತೆ ಒಗೆತ, ಗಂಜಿ, ಬಿಸಿಲು.

ಇಷ್ಟು ಹಂತಗಳಲ್ಲಿ ಮಗ್ಗದ ಕೆಲಸ ಒಂದೇ ಒಂದು ಹಂತ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಹೆಂಗಸರದು, ಮತ್ತು ಅದು ನಡೆಯುವುದು ಮನೆಯ ಒಳಗೆ, ಒಲೆಯ ಪಕ್ಕ, ಮಗುವನ್ನು ತೊಟ್ಟಿಲಿಗೆ ಹಾಕಿದ ಮೇಲೆ.

ನಾನು ಮನೆಮನೆಗೆ ಹೋಗಿ ಲೆಕ್ಕ ಹಾಕಿದೆ. ಇದು ಆ ಒಂದು ಊರಿನ, ಆ ಒಂದು ಋತುವಿನ ಒರಟು ಲೆಕ್ಕ. ಬೇರೆ ಊರಿಗೆ ಹಾಗೇ ಎತ್ತಿಕೊಳ್ಳಬಾರದು. ಒಂದು ಕಂಬಳಿಗೆ ಬೇಕಾದ ನೂಲನ್ನು ಸಿದ್ಧಪಡಿಸಲು ಒಬ್ಬ ಹೆಂಗಸಿಗೆ, ಆರಿಸಿ ಹಿಂಜುವುದೂ ಸೇರಿ, ಎಂಟು ದಿನ ಬೇಕು. ಹಳೆಯ ಗುಂಡಿಮಗ್ಗದಲ್ಲಿ ಕಂಬಳಿಯೊಂದಕ್ಕೆ ಎರಡು ದಿನ. ಅಂದರೆ ಒಂದು ಮಗ್ಗಕ್ಕೆ ನಾಲ್ವರು ನೂಲುವವರು. ಹೊಸ ಮಗ್ಗದಲ್ಲಿ ಒಂದೇ ದಿನಕ್ಕೆ ಕಂಬಳಿ ಇಳಿಯುತ್ತದೆ. ಆದ್ದರಿಂದ ಅದಕ್ಕೆ ಎಂಟು ಜನ ಬೇಕು. ಆರು ಮಗ್ಗಗಳಿಗೆ 48 ಜನ. ಊರಿನಲ್ಲಿ ಇನ್ನೂ ನೂಲುತ್ತಿದ್ದವರು 14 ಮಂದಿ, ಹೆಚ್ಚಿನವರು ಐವತ್ತು ದಾಟಿದವರು. ಹದಿನಾಲ್ಕನ್ನು ಎಂಟರಿಂದ ಭಾಗಿಸಿದರೆ ದಿನಕ್ಕೆ ಎರಡು ಕಂಬಳಿಯ ನೂಲೂ ಪೂರ್ತಿ ಸಿಗುವುದಿಲ್ಲ: 1.75. ಎರಡು ಮಗ್ಗ ನಡೆಯುತ್ತಿದ್ದವು, ಅವೂ ಆಗಾಗ ನಿಲ್ಲುತ್ತಿದ್ದವು. ಯಜಮಾನರು ಕಟ್ಟೆಯ ಮೇಲೆ ಕೂರುತ್ತಿದ್ದದ್ದು ಆ ಕಾಲು ಭಾಗದ ಕೊರತೆಯಲ್ಲಿ.

ಆರರ ಬದಲು ಅರವತ್ತು ಮಗ್ಗ ಕೊಟ್ಟಿದ್ದರೂ ಆ ಊರಿನಿಂದ ದಿನಕ್ಕೆ ಹೊರಡುವ ಕಂಬಳಿ 1.75 ಅಷ್ಟೇ. ಹಳೆಯ ಗುಂಡಿಮಗ್ಗಗಳು ನಾಲ್ಕಿದ್ದರೂ ಅಷ್ಟೇ ಹೊರಡುತ್ತಿತ್ತು.

ಇದೇನೂ ಹೊಸ ಸಂಗತಿಯಲ್ಲ. 1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಹಾರುವ ಲಾಳಿಯನ್ನು ಕಂಡುಹಿಡಿದ. ನೇಯ್ಗೆಯ ವೇಗ ಹೆಚ್ಚಿತು, ನೂಲಿಗೆ ಬರ ಬಂತು. ಮೂರು ದಶಕ ಕಳೆದು ಹಾರ್‌ಗ್ರೀವ್ಸ್‌ನ ಹಲವು ಕದಿರುಗಳ ರಾಟೆ ಬಂದ ಮೇಲೆಯೇ ಆ ಬರ ತಗ್ಗತೊಡಗಿದ್ದು. ಸುಮಾರು ಮುನ್ನೂರು ವರ್ಷದ ಹಿಂದಿನ ಆ ಪಾಠ ಚಳ್ಳಕೆರೆಯ ತಗಡಿನ ಶೆಡ್ಡಿನಲ್ಲಿ ಮತ್ತೆ ನಡೆಯುತ್ತಿತ್ತು, ನಾವು ಯಾರೂ ಗುರುತಿಸಿರಲಿಲ್ಲ.

ಎಣಿಸಿದ್ದು ಏನನ್ನು?

ನಮ್ಮ ನೀತಿ ಕೈಮಗ್ಗವನ್ನು ಪ್ರೀತಿಯಿಂದಲೇ ಕಂಡಿದೆ, ಅದರಲ್ಲಿ ಸಂದೇಹವಿಲ್ಲ. 1985ರ ಕೈಮಗ್ಗ ಮೀಸಲಾತಿ ಕಾಯಿದೆಯಡಿ ಇಂದು 11 ಬಗೆಯ ಬಟ್ಟೆಗಳು ಕೈಮಗ್ಗಕ್ಕೇ ಮೀಸಲು. ಆ ಪಟ್ಟಿಯಲ್ಲಿ ಕಂಬಳಿಯೂ ಇದೆ. ಮಗ್ಗ ಮತ್ತು ಅದರ ಸಲಕರಣೆಯ ಬೆಲೆಯಲ್ಲಿ ಶೇಕಡಾ 90ರಷ್ಟನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆಯೂ ಇದೆ. ಆದರೆ ಕಾಯಿದೆ ಕಾಯುವುದು ಮಗ್ಗವನ್ನು. ರಾಟೆಯ ಮಾತು ಅದರಲ್ಲಿ ಬರುವುದಿಲ್ಲ. 2019-20ರ ನಾಲ್ಕನೆಯ ಕೈಮಗ್ಗ ಗಣತಿಯಲ್ಲಿ ದೇಶದಲ್ಲಿ ನೇಕಾರರು ಸುಮಾರು 26.7 ಲಕ್ಷ, ನೇಯ್ಗೆಗೆ ಪೂರಕ ಕೆಲಸ ಮಾಡುವವರು ಸುಮಾರು 8.5 ಲಕ್ಷ. ಒಬ್ಬ ಪೂರಕ ಕೆಲಸಗಾರನಿಗೆ ಮೂವರು ನೇಕಾರರು! ಗಿರಣಿಯ ನೂಲು ತಂದು ನೇಯುವ ಹತ್ತಿ, ರೇಷ್ಮೆಯ ಊರುಗಳಿಗೆ ಅದು ಒಪ್ಪಬಹುದು. ಕಂಬಳಿಯ ಊರಿನಲ್ಲಿ ಲೆಕ್ಕ ತಲೆಕೆಳಗು: ಒಬ್ಬ ನೇಕಾರನ ಹಿಂದೆ ನಾಲ್ವರು, ಎಂಟು ಜನ. ದೇಶದ ಸರಾಸರಿಯನ್ನು ಕಣ್ಣ ಮುಂದಿಟ್ಟು ಯೋಜನೆ ಬರೆದರೆ ಅಜ್ಜಿಯ ರಾಟೆ ಕಾಣಿಸುವುದೇ ಇಲ್ಲ.

ಕಾಣಿಸಿದ ಕಾಲವೂ ಒಂದಿತ್ತು. 1929ರಲ್ಲಿ ಅಖಿಲ ಭಾರತ ಚರಕಾ ಸಂಘವು ಉತ್ತಮ ರಾಟೆಯನ್ನು ರೂಪಿಸಿದವರಿಗೆ ಒಂದು ಲಕ್ಷ ರೂಪಾಯಿ ಬಹುಮಾನ ಘೋಷಿಸಿತು. ಗಾಂಧೀಜಿಯ ಆ ಸಂಘ ಹಾಕಿದ ಷರತ್ತುಗಳನ್ನು ಓದಿದಾಗೆಲ್ಲ ನಾನು ಬೆರಗಾಗುತ್ತೇನೆ. ರಾಟೆ ಹಗುರವಾಗಿರಬೇಕು, ಸಾಮಾನ್ಯ ಗುಡಿಸಿಲಿನಲ್ಲಿ ಹಿಡಿಸಬೇಕು. ಹೆಂಗಸೊಬ್ಬಳು ಹೆಚ್ಚು ಆಯಾಸವಿಲ್ಲದೆ ಎಂಟು ಗಂಟೆ ನಡೆಸುವಂತಿರಬೇಕು. ಆ ಎಂಟು ಗಂಟೆಯಲ್ಲಿ 16,000 ಅಡಿ ನೂಲು ಬರಬೇಕು. ಬೆಲೆ 150 ರೂಪಾಯಿ ಮೀರಬಾರದು. 20 ವರ್ಷ ಬಾಳಬೇಕು. ಯಾರ ಕೈ, ಎಂಥ ಮನೆ, ಎಷ್ಟು ಹೊತ್ತು, ಎಷ್ಟು ಹಣ, ಎಷ್ಟು ಬಾಳಿಕೆ, ಎಲ್ಲವೂ ಅದರಲ್ಲಿದೆ. ಇಂದಿನ ಯಾವ ಎಂಜಿನಿಯರ್ ಬರೆದರೂ ಇದಕ್ಕಿಂತ ಸ್ಪಷ್ಟವಾಗಿ ಬರೆಯಲಾರ. ಬಹುಮಾನ ಯಾರ ಪಾಲಿಗೂ ಬರಲಿಲ್ಲ, ಆದರೆ ಪ್ರಶ್ನೆಯನ್ನು ಸರಿಯಾದ ಜಾಗದಲ್ಲಿ ಇಟ್ಟಿದ್ದರು. ಅದು ಹತ್ತಿಯ ರಾಟೆಗೆ ಕೇಳಿದ ಪ್ರಶ್ನೆ. ಒರಟು ದಖ್ಖನಿ ಉಣ್ಣೆಗೂ ಅಷ್ಟೇ ಗಮನ ಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. 2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದ ಕುರಿಗಳ ಸಂಖ್ಯೆ ಸುಮಾರು 1.1 ಕೋಟಿ. ಇಷ್ಟು ಕುರಿಗಳಿರುವ ನಾಡಿನಲ್ಲಿ ಉಣ್ಣೆಗೆ ಬೆಲೆಯಿಲ್ಲದೆ ಕುರಿಗಾರರು ಕತ್ತರಿಸಿದ್ದನ್ನು ಹೊಲದ ಬದುವಿಗೆ ಸುರಿಯುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ಹಣ ಎಲ್ಲಿ ಮಲಗಿತ್ತು

1961ರಲ್ಲಿ ಜಾನ್ ಲಿಟ್ಲ್ ಎಂಬವರು ಒಂದು ಸರಳ ಸಂಬಂಧವನ್ನು ಗಣಿತದಿಂದ ಸಾಧಿಸಿ ತೋರಿಸಿದರು. ಒಳಗೆ ಇರುವ ಸರಕನ್ನು ದಿನಕ್ಕೆ ಹೊರಬೀಳುವ ಸರಕಿನಿಂದ ಭಾಗಿಸಿದರೆ, ಒಂದು ವಸ್ತು ಸರಾಸರಿ ಎಷ್ಟು ದಿನ ಒಳಗೆ ಕಾಯುತ್ತದೆ ಎಂದು ತಿಳಿಯುತ್ತದೆ. ಬ್ಯಾಂಕಿನ ಸಾಲು, ಆಸ್ಪತ್ರೆಯ ಹಾಸಿಗೆ, ಕಾರ್ಖಾನೆಯ ಬಿಡಿಭಾಗ, ಎಲ್ಲಕ್ಕೂ ಇದು ಅನ್ವಯಿಸುತ್ತದೆ. ನಾವು ಸಂಘದ ಗೋದಾಮು, ಮನೆಗಳ ಅಟ್ಟ, ಮಗ್ಗ, ಮಾರಾಟಕ್ಕಿಟ್ಟ ಕಪಾಟು ಎಲ್ಲವನ್ನೂ ಎಣಿಸಿದೆವು. ಉಣ್ಣೆ, ನೂಲು, ಅರ್ಧ ನೇಯ್ದದ್ದು, ಪೂರ್ತಿಯಾದದ್ದು ಸೇರಿ 210 ಕಂಬಳಿಗಾಗುವಷ್ಟು ಸರಕು ಇತ್ತು. ದಿನಕ್ಕೆ 1.75ರಂತೆ ಹೋದರೆ 120 ದುಡಿಮೆಯ ದಿನ, ಅಂದರೆ ನಾಲ್ಕೂವರೆ ತಿಂಗಳು. ಇಂದು ಉಣ್ಣೆಗೆ ಕೊಟ್ಟ ರೂಪಾಯಿ ಮರಳಿ ಕೈಸೇರಲು ಅಷ್ಟು ಕಾಲ ಬೇಕು.

ಈ 210ರಲ್ಲಿ ಬಹುಪಾಲು ಎಲ್ಲಿತ್ತು ಗೊತ್ತೇ? ಮೂಟೆ ಬಿಚ್ಚದ ಉಣ್ಣೆಯಲ್ಲಿ, ನೂಲುವವರ ಮನೆಯ ಅಟ್ಟದಲ್ಲಿ. ಕೆಲಸ ಇಕ್ಕಟ್ಟಾಗುವ ಹಂತಕ್ಕೆ ಮೊದಲು ಸರಕು ರಾಶಿ ಬೀಳುತ್ತದೆ, ಅದರ ನಂತರದ ಹಂತ ಬರಿದಾಗಿರುತ್ತದೆ. ಅಟ್ಟ ತುಂಬಿತ್ತು, ಮಗ್ಗ ಬರಿದಾಗಿತ್ತು. ಊರಿನೊಳಗೆ ಒಂದು ಸುತ್ತು ಹಾಕಿದ್ದರೆ ಗಡಿಯಾರವಿಲ್ಲದೆಯೂ ಇದು ಕಾಣುತ್ತಿತ್ತು.

ಮೂರನೆಯ ಮಗ್ಗ

ನೂಲುವವರ ಜೊತೆ ಕೂತಾಗ ಎರಡು ಸಂಗತಿ ತಿಳಿದವು. ಎಂಟು ದಿನದಲ್ಲಿ ಮೂರು ದಿನ ಮುಳ್ಳು ಆರಿಸಿ ಹಿಂಜುವುದಕ್ಕೇ ಹೋಗುತ್ತಿತ್ತು. ಆದರೆ ಕೂಲಿ ಕೊಡುತ್ತಿದ್ದದ್ದು ನೂಲಿನ ತೂಕಕ್ಕೆ. ಆ ಮೂರು ದಿನಕ್ಕೆ ಒಂದು ಪೈಸೆಯೂ ಇರಲಿಲ್ಲ. ತೂಕಕ್ಕೆ ಕೂಲಿ ಎಂದ ಮೇಲೆ ನೂಲು ದಪ್ಪವಾಗುವುದು ಸಹಜ. ದಪ್ಪ, ಸಡಿಲ ನೂಲು ಗುಂಡಿಮಗ್ಗದಲ್ಲಿ ಹೇಗೋ ನಡೆಯುತ್ತದೆ. ಹಾರುವ ಲಾಳಿಯ ಎಳೆತಕ್ಕೆ ಕಡಿಯುತ್ತದೆ. ನಾನು ಮೊದಲ ವಾರ ನೇಕಾರರ ಕೈಚಳಕದ ಕೊರತೆ ಎಂದುಕೊಂಡಿದ್ದ ಎಳೆ ಕಡಿತದ ಬೇರು ಕೂಲಿಯ ಲೆಕ್ಕದ ಪುಸ್ತಕದಲ್ಲಿತ್ತು.

ಆರಿಸುವ, ಹಿಂಜುವ ಹೊರೆಯನ್ನು ನೂಲುವವರ ಮೇಲಿನಿಂದ ಇಳಿಸಿದರೆ ಎಂಟು ದಿನ ಐದಾಗುತ್ತದೆ. ಹದಿನಾಲ್ಕು ಜನರಿಂದ ದಿನಕ್ಕೆ 2.8 ಕಂಬಳಿಯ ನೂಲು. ಮೂರನೆಯ ಮಗ್ಗದ ಗೋಣಿ ತೆಗೆಯಬಹುದು. ಹೊಸ ಮಗ್ಗವಿಲ್ಲ, ಹೊಸ ನೇಕಾರನಿಲ್ಲ.

ಇಲ್ಲಿ ನೀತಿಯ ಗೋಡೆ ಎದುರಾಯಿತು. ನೆರವಿನ ಹಣ 'ಉಪಕರಣ'ದ ಬಾಬ್ತಿನದು. ಹಿಂಜುವ ಯಂತ್ರ ಉಪಕರಣವಾದ್ದರಿಂದ ಅದಕ್ಕೆ ಒಪ್ಪಿಗೆ ಸಿಕ್ಕಿತು. ಉಣ್ಣೆ ಕೊಳ್ಳಲು ದುಡಿಯುವ ಬಂಡವಾಳ ಕೇಳಿದೆವು, ಆ ಬಾಬ್ತು ಇಲ್ಲ ಎಂದರು. ಮುಳ್ಳು ಆರಿಸುವವರಿಗೆ ಮೊದಲ ಆರು ತಿಂಗಳ ಕೂಲಿ ಕೇಳಿದೆವು, ಅದಕ್ಕೂ ಬಾಬ್ತು ಇರಲಿಲ್ಲ. ಕಚೇರಿಯಲ್ಲಿ ಕೂತಿದ್ದವರು ಕೆಟ್ಟವರಲ್ಲ. ನಮ್ಮ ಲೆಕ್ಕವನ್ನು ಗಮನವಿಟ್ಟು ಓದಿ, ಸರಿ ಎಂದೇ ಹೇಳಿದರು. ಆದರೆ ಅವರ ನಮೂನೆಯಲ್ಲಿ ನೂಲುವವಳಿಗೆ ಕಾಲಂ ಇಲ್ಲ, ಕಾಲಂ ಇಲ್ಲದ್ದಕ್ಕೆ ಹಣ ಬಿಡುಗಡೆಯಾಗುವುದಿಲ್ಲ.

ಯಂತ್ರ ಬಂದಾಗ ಹೊಸ ತೊಂದರೆಯೂ ಜೊತೆಗೆ ಬಂತು. ನೆಗ್ಗಿಲ ಮುಳ್ಳು ಯಂತ್ರದ ಹಲ್ಲಿಗೆ ಸಿಕ್ಕಿದರೆ ಪುಡಿಯಾಗಿ ಉಣ್ಣೆಯ ತುಂಬ ಹರಡುತ್ತದೆ, ಅಂಥ ನೂಲು ಬೆರಳನ್ನು ಚುಚ್ಚುತ್ತದೆ. ಆದ್ದರಿಂದ ಮುಳ್ಳನ್ನು ಕೈಯಲ್ಲೇ ಆರಿಸಬೇಕು. ಊರಿನಲ್ಲಿ ಕೈ ನಡುಗುವ ಕಾರಣಕ್ಕೆ ನೂಲುವುದನ್ನು ಬಿಟ್ಟ ಕೆಲವು ವೃದ್ಧೆಯರಿದ್ದರು. ಅವರು ಆರಿಸುತ್ತೇವೆ ಎಂದರು. ಎಷ್ಟು ಕೂಲಿ? ಇಲ್ಲಿ ಮಾತ್ರ ನನ್ನ ಗಡಿಯಾರ ಕೆಲಸಕ್ಕೆ ಬಂತು. ಹಲವು ದಿನ, ಹಲವರ ಕೈಯಲ್ಲಿ, ಕೊಳೆ ಉಣ್ಣೆಗೂ ಶುಭ್ರ ಉಣ್ಣೆಗೂ ಬೇರೆಬೇರೆಯಾಗಿ ಅಳೆದು, ಕಿಲೋಗೆ ಎಷ್ಟು ಹೊತ್ತು ಎಂದು ನಿರ್ಧರಿಸಿದೆವು. ಹೊತ್ತಿಗೆ ತಕ್ಕ ಕೂಲಿ. ಆರಿಸುವ ಕೆಲಸಕ್ಕೆ ಆ ಊರಿನಲ್ಲಿ ಮೊದಲ ಬಾರಿಗೆ ಬೆಲೆ ಬಂತು. ನೂಲಿನ ಕೂಲಿಯನ್ನೂ ತೂಕದಿಂದ ಲಡಿಗೆ ಬದಲಿಸಿದೆವು, ಅಳತೆಯ ಉದ್ದಕ್ಕೆ ಇಷ್ಟು ಎಂದು.

ಆ ಹಣ ಎಲ್ಲಿಂದ ಬರಬೇಕು ಎಂಬುದೇ ಸಂಘದ ಸಭೆಯಲ್ಲಿ ದೊಡ್ಡ ಜಗಳವಾಯಿತು. ಯಜಮಾನರು ಎದ್ದು ನಿಂತು, "ನನ್ನ ಕೂಲಿಯಲ್ಲಿ ಕಡಿಯುತ್ತೀರಾ ಸಾರ್? ಬೆನ್ನು ಮುರಿದು ನೇಯುವವನು ನಾನು," ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಬಾಗಿಲ ಬಳಿ ಕೂತಿದ್ದ ಅಜ್ಜಿ ಹೇಳಿದರು: "ವಾರದಲ್ಲಿ ಎರಡು ದಿನ ಕಟ್ಟೆಯ ಮೇಲೆ ಕೂರುತ್ತೀಯಲ್ಲ ಅಣ್ಣಾ, ಆ ದಿನಕ್ಕೆ ನಿನಗೆ ಯಾರು ಕೂಲಿ ಕೊಟ್ಟಿದ್ದಾರೆ? ನೂಲು ಬಂದರೆ ಆ ದಿನವೂ ನಿನ್ನದೇ." ಸಭೆ ಸುಮ್ಮನಾಯಿತು. ಕೊನೆಗೆ ಕಂಬಳಿಯ ಬೆಲೆಯನ್ನು ಸ್ವಲ್ಪ ಏರಿಸುವುದು, ಸಂಘದ ಪಾಲಿನಲ್ಲಿ ಸ್ವಲ್ಪ ಬಿಡುವುದು, ನೇಯುವ ಕೂಲಿಯನ್ನು ಮುಟ್ಟದಿರುವುದು ಎಂದು ತೀರ್ಮಾನವಾಯಿತು. ಬೆಲೆ ಏರಿಸುವುದು ಸುಲಭವಲ್ಲ. ಹಳೆಯ ಉಣ್ಣೆ ಬಟ್ಟೆಗಳನ್ನು ಹರಿದು ಮತ್ತೆ ನೂತು ಮಾಡಿದ ಪಾಣಿಪತ್ತಿನ ಹೊದಿಕೆ ಸಂತೆಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಸಂಘ ಆ ಭಾರವನ್ನು ತಿಳಿದೇ ಹೊತ್ತುಕೊಂಡಿತು.

ಮೂರನೆಯ ಮಗ್ಗದ ಗಂಟು ಬಿಚ್ಚುವಾಗ ಹಗ್ಗ ಕೈಯಲ್ಲೇ ತುಂಡಾಯಿತು. ಅಂದಿನಿಂದ ಅದು ಹೆಚ್ಚಿನ ದಿನಗಳಲ್ಲಿ ನಡೆಯುತ್ತಿದೆ. ಲಡಿಯ ನೂಲಿನಲ್ಲಿ ಎಳೆ ಕಡಿತವೂ ಕಡಿಮೆ. ನಾಲ್ಕು, ಐದು, ಆರನೆಯ ಮಗ್ಗಗಳನ್ನು ಬೇರೆ ಊರಿಗೆ ಕೊಡುವುದಾದರೆ ಕೊಡಿ, ಆದರೆ ಅಲ್ಲಿ ಎಷ್ಟು ಜನ ನೂಲುತ್ತಾರೆ ಎಂದು ಮೊದಲು ಎಣಿಸಿ ಎಂದು ನಾನೇ ಬರೆದುಕೊಟ್ಟೆ. ಸಂಘದ ಕೆಲವರಿಗೆ ಇದು ಹಿಡಿಸಲಿಲ್ಲ. ಬಂದದ್ದನ್ನು ಯಾಕೆ ಬಿಡಬೇಕು ಎಂದರು. ಮಗ್ಗ ಇನ್ನೂ ಅಲ್ಲಿಯೇ ಇವೆ.

ಇನ್ನೊಂದು ತಡೆ ಕಾರ್ತಿಕದ ಹೊತ್ತಿಗೆ ಬಂತು. ಚಳ್ಳಕೆರೆ ಶೇಂಗಾದ ಸೀಮೆ. ಕಾಯಿ ಕೀಳುವ ಕಾಲಕ್ಕೆ ದಿನಗೂಲಿ ಹೊಲದಲ್ಲಿ ಹೆಚ್ಚು. ರಾಟೆಗಳು ಮೂಲೆ ಸೇರುತ್ತವೆ. ಅದು ಪ್ರತಿ ವರ್ಷ ಬರುವ ಬಿಡುವು, ಆದ್ದರಿಂದ ಅದಕ್ಕಿಂತ ಮೊದಲೇ ನೂಲನ್ನು ಕೂಡಿಡಬೇಕು ಎಂದು ಭಾದ್ರಪದದಿಂದಲೇ ಹೇಳುತ್ತಿದ್ದೆ. ಕೈಯಲ್ಲಿ ಹಣವಿಲ್ಲದ ಸಂಘ ಎಷ್ಟು ಕೂಡಿಡಲು ಸಾಧ್ಯ? 24 ಕಂಬಳಿಯ ನೂಲು ಅಟ್ಟಕ್ಕೆ ಏರಿತು. ಮೂರು ಮಗ್ಗಕ್ಕೆ ಅದು ಎಂಟು ದಿನದ ಮೇವು. ಒಂಬತ್ತನೆಯ ದಿನ ನಾನು ಅಲ್ಲಿದ್ದೆ. ಮೊದಲೆರಡು ಮಗ್ಗಗಳಿಗೆ ನೂಲು ಹೇಗೋ ಹೊಂದಿಸಿದ್ದರು. ಮೂರನೆಯದಕ್ಕೆ ಯಜಮಾನರು ಗೋಣಿ ಹೊದಿಸಿದರು. ಹಗ್ಗ ತರಲೇ ಎಂದು ಹುಡುಗನೊಬ್ಬ ಕೇಳಿದ. "ಬೇಡ, ಹಾಗೇ ಇರಲಿ. ಕಾಯಿ ಕಿತ್ತು ಮುಗಿಯುತ್ತಲೇ ತೆಗೆಯಬೇಕು," ಎಂದು ಹೇಳಿ ಅವರು ಹುಣಸೆ ಬೀಜ ನೆನೆಹಾಕಲು ಒಳಗೆ ಹೋದರು.